ಗೊಂಬೆ ಅಸಲಿ, ಕೈಲಿರೋ ಗನ್ ಯಾರದ್ದು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಹಳೇ ಸೈನ್ಸ್ ಫಿಕ್ಷನ್ ಆ್ಯಕ್ಷನ್ ಫಿಗರ್ (ಕೈಕಾಲು ಆಡಿಸಬಹುದಾದ ಗೊಂಬೆ) ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅದಕ್ಕೆ ಇಷ್ಟೊಂದು ಪತ್ರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದೀನಿ. ಹೆಚ್ಚಿನವು ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆಗಳ ಬಗ್ಗೆನೇ ಇವೆ, ಆದ್ರೆ ಬೇರೆಯವೂ ಇವೆ, ಅವನ್ನೂ ಬಿಟ್ಟಿಲ್ಲ.

ಪ್ರಶ್ನೆ: ಸರ್, ನಮ್ಮ ದೊಡ್ಡಪ್ಪ ತೀರ್ಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಶೂ ಡಬ್ಬ ತುಂಬ ಬೆರಳುದ್ದದ ಸ್ಟಾರ್ ವಾರ್ಸ್ ಗೊಂಬೆಗಳು ಸಿಕ್ವು. ಸುಮಾರು ಮೂವತ್ತಿವೆ. ಕೆಲವಕ್ಕೆ ಗನ್ ಇದೆ, ಕೆಲವಕ್ಕಿಲ್ಲ. ಇವು ನಿಜವಾಗ್ಲೂ ಹಳೇವಾ, ಅಥವಾ ಆಮೇಲೆ ಬಂದವಾ, ಹೇಗೆ ಗೊತ್ತಾಗತ್ತೆ?

ಉತ್ತರ: ಮೊದಲು ಯಾವುದನ್ನೂ ತೊಳೀಬೇಡಿ, ಡಬ್ಬದ ತಳದಲ್ಲಿರೋ ಕಸಾನೂ ಎಸೀಬೇಡಿ, ಯಾಕಂದ್ರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಿರೋ ಕಪ್ಪು ಪ್ಲಾಸ್ಟಿಕ್ ತುಂಡುಗಳು ಅಲ್ಲೇ ಇರತ್ವೆ, ಅವೇ ಗನ್‌ಗಳು. ಆಮೇಲೆ ಒಂದೊಂದೇ ಗೊಂಬೇನ ತಿರುಗಿಸಿ ಕಾಲಿನ ಹಿಂಭಾಗ ನೋಡಿ. ಸಣ್ಣ ಅಕ್ಷರದಲ್ಲಿ ಒಂದು ಅಚ್ಚಿರತ್ತೆ. ಮೊದಲು ಬಂದ ಗೊಂಬೆಗಳಲ್ಲಿ ಜಿ.ಎಂ.ಎಫ್.ಜಿ.ಐ. 1977 ಅಂತ ಇರತ್ತೆ, ಅಂದ್ರೆ ಜನರಲ್ ಮಿಲ್ಸ್ ಫನ್ ಗ್ರೂಪ್. ಗೊಂಬೆ ಮಾಡಿದ ಕೆನ್ನರ್ ಕಂಪನಿ (ಅಮೆರಿಕದ ಸಿನ್ಸಿನಾಟಿಯದ್ದು) ಆಗ ಜನರಲ್ ಮಿಲ್ಸ್ ಕೈಲಿತ್ತು, ಹೌದು, ಬ್ರೇಕ್‌ಫಾಸ್ಟ್ ಸೀರಿಯಲ್ ಮಾಡೋ ಅದೇ ಜನರಲ್ ಮಿಲ್ಸ್. ಆಮೇಲಿನ ಗೊಂಬೆಗಳಲ್ಲಿ ಎಲ್.ಎಫ್.ಎಲ್. ಅಂತಿರತ್ತೆ, ಅದು ಲೂಕಾಸ್‌ಫಿಲ್ಮ್ ಲಿಮಿಟೆಡ್, ಜೊತೆಗೆ 1980, 1983 ಹೀಗೆ ಇಸವಿ. ಎಷ್ಟೋ ಗೊಂಬೆಗಳಲ್ಲಿ ಹಾಂಗ್‌ಕಾಂಗ್, ತೈವಾನ್ ಥರ ದೇಶದ ಹೆಸರೂ ಇರತ್ತೆ. ದೇಶದ ಹೆಸರಿಲ್ಲ ಅಂದ ತಕ್ಷಣ ನಕಲಿ ಅಂತ ತೀರ್ಮಾನ ಮಾಡ್ಬೇಡಿ, ಅಚ್ಚಿನಲ್ಲಿ ಹೆಸರು ಅಳಿಸಿ ಹಾಕಿದ ಅಸಲಿ ಗೊಂಬೆಗಳೂ ಇವೆ. ಇನ್ನೊಂದು, ಈ ಇಸವಿ ಆ ಪಾತ್ರದ ಹಕ್ಕಿನ ಇಸವಿ, ನಿಮ್ಮ ಕೈಲಿರೋ ಗೊಂಬೆ ತಯಾರಾದ ಇಸವಿ ಅಲ್ಲ. 1977 ಅಂತ ಇದ್ರೂ ಅದು ಫ್ಯಾಕ್ಟರಿಯಿಂದ ಹೊರಗೆ ಬಂದದ್ದು ಎಷ್ಟೋ ವರ್ಷ ಆಮೇಲೆ ಇರಬಹುದು.

ಹಳೇದು ಅಂತ ಕಲೆಕ್ಟರ್‌ಗಳು ಹೇಳೋದು 1978ರಿಂದ 1985ರ ತನಕ ಬಂದದ್ದಕ್ಕೆ. ಅದಾದ್ಮೇಲೆ ಸುಮಾರು ಹತ್ತು ವರ್ಷ ಈ ಗೊಂಬೆಗಳ ಸಾಲು (ಸರಣಿ) ನಿಂತೇ ಹೋಗಿತ್ತು, 1995ರಲ್ಲಿ ಮತ್ತೆ ಶುರುವಾಯ್ತು, ಆದ್ರೆ ಆ ಹೊಸ ಲ್ಯೂಕ್, ಹಾನ್ (ಸಿನಿಮಾದ ನಾಯಕರು) ಎಲ್ಲ ಜಿಮ್‌ಗೆ ಹೋಗಿ ಬಂದವರ ಥರ ತೋಳು ಎದೆ ಉಬ್ಬಿಸ್ಕೊಂಡಿರ್ತಾರೆ, ಹಳೇವು ಸಪೂರ, ಕೈ ಎತ್ತಿ ಇಳಿಸಬಹುದು, ಸೊಂಟದಲ್ಲಿ ಕಾಲು ಮಡಚಬಹುದು, ತಲೆ ತಿರುಗಿಸಬಹುದು, ಅಷ್ಟೇ, ಮೊಣಕಾಲು ಮೊಣಕೈ ಮಡಚೋದಿಲ್ಲ. ಎರಡನ್ನೂ ಅಕ್ಕಪಕ್ಕ ಒಂದು ಸಲ ನೋಡಿದ್ರೆ ಸಾಕು, ಮತ್ತೆ ಗೊಂದಲ ಆಗಲ್ಲ. ಗೊಂದಲ ಆಗೋದು 2019ರಿಂದ ಹಾಸ್ಬ್ರೊ ಕಂಪನಿ ತಂದ ರೆಟ್ರೊ ಸಾಲಿನಲ್ಲಿ. ಅದು ಹಳೇದರ ಹಾಗೇ ಕಾಣ್ಲಿ ಅಂತ ಮಾಡಿದ್ದು, ಕಾರ್ಡ್ (ಗೊಂಬೆ ಅಂಟಿಸಿ ಮಾರೋ ರಟ್ಟು) ಕೂಡ ಸವೆದ ಹಾಗೆ ಪ್ರಿಂಟ್ ಮಾಡಿದ್ರು. ಅದು ಮೋಸ ಅಲ್ಲ, ಕಂಪನಿ ಹೇಳ್ಕೊಂಡೇ ಮಾರಿದ್ದು. ಆದ್ರೆ ಕಾರ್ಡ್ ಬಿಸಾಡಿ ಗೊಂಬೆ ಮಾತ್ರ ಇಟ್ಕೊಂಡು ಹಳೇದು ಅಂತ ಮಾರೋರಿದಾರೆ. ನಿಮ್ಮ ಡಬ್ಬದಲ್ಲಿ ಗ್ರ್ಯಾಂಡ್ ಮಾಫ್ ಟಾರ್ಕಿನ್ ಅನ್ನೋ ಪಾತ್ರ ಇದ್ರೆ ನೇರ ತೆಗೆದು ಪಕ್ಕಕ್ಕಿಡಿ. ಕೆನ್ನರ್ ಹಳೇ ಸಾಲಿನಲ್ಲಿ ಟಾರ್ಕಿನ್ ಗೊಂಬೇನ ಮಾಡ್ಲೇ ಇಲ್ಲ.

ಪ್ರಶ್ನೆ: ಲೂಸ್ (ಪ್ಯಾಕೆಟ್ ಇಲ್ಲದ) ಗೊಂಬೆ ತಗೊಳ್ಳೋವಾಗ ಗನ್ ನೀರಲ್ಲಿ ತೇಲಿದ್ರೆ ಅಸಲಿ, ಮುಳುಗಿದ್ರೆ ನಕಲಿ ಅಂತಾರಲ್ಲ, ನಿಜಾನಾ?

ಉತ್ತರ: ಅರ್ಧ ನಿಜ, ಅರ್ಧ ನಿಜವೇ ಹೆಚ್ಚು ಅಪಾಯ. ಕೆನ್ನರ್ ಬಳಸಿದ ಪ್ಲಾಸ್ಟಿಕ್ಕು ಹಗುರ, ಹಾಗಾಗಿ ಬಹಳಷ್ಟು ಅಸಲಿ ಗನ್ ತೇಲತ್ವೆ. ರೀಪ್ರೊ (ಅಸಲಿ ನೋಡಿ ಆಮೇಲೆ ಮಾಡಿದ ನಕಲು) ಮಾಡೋರು ಮೊದಮೊದಲು ಬೇರೆ ಭಾರದ ಪ್ಲಾಸ್ಟಿಕ್ ಅಥವಾ ರೆಸಿನ್ ಬಳಸ್ತಿದ್ರು, ಅವು ಮುಳುಗ್ತಿದ್ವು. ಆದ್ರೆ ಮುಳುಗೋ ಅಸಲಿಗಳೂ ಇವೆ, ತೇಲೋ ನಕಲಿಗಳೂ ಬಂದಿವೆ. ನೀರಿನ ಲೋಟದ ಮುಂದೆ ಕೂತು ಸಾವಿರಾರು ರೂಪಾಯಿ ವ್ಯವಹಾರ ಮಾಡೋದು ಬೇಡ.

ನಾನು ಈ ವಿಷಯಕ್ಕೆ ಇಷ್ಟು ಒತ್ತು ಕೊಡೋದು ಯಾಕಂದ್ರೆ ಈ ಹವ್ಯಾಸದಲ್ಲಿ ಸುಳ್ಳು ಸೇರ್ಕೊಳ್ಳೋದು ಗೊಂಬೆಯಲ್ಲಲ್ಲ, ಗೊಂಬೆ ಜೊತೆ ಬಂದ ಚಿಕ್ಕ ಚಿಕ್ಕ ವಸ್ತುಗಳಲ್ಲಿ. ಮಗು ಆಡ್ತಾ ಆಡ್ತಾ ಮೊದಲು ಕಳ್ಕೊಳ್ಳೋದು ಗನ್ನು, ಆಮೇಲೆ ಬಟ್ಟೆ, ಗೊಂಬೆ ಕೊನೇಗೂ ಉಳಿಯತ್ತೆ. ಹಾಗಾಗಿ ಗೊಂಬೆ ಸಿಗೋದು ಸುಲಭ, ಅದರ ಗನ್ ಸಿಗೋದು ಕಷ್ಟ, ಕೆಲವು ಪಾತ್ರಗಳಲ್ಲಿ ಬರೀ ಗನ್‌ಗೇ ಗೊಂಬೆಗಿಂತ ಹೆಚ್ಚು ಬೆಲೆ. ನಕಲಿ ಮಾಡೋರಿಗೂ ಅದು ಗೊತ್ತು. ಪೂರ್ತಿ ಗೊಂಬೆ ನಕಲಿ ಮಾಡೋದಕ್ಕೆ ಅಚ್ಚು, ಪೇಂಟ್, ಕೀಲು ಎಲ್ಲ ಬೇಕು, ಗನ್‌ಗೆ ಒಂದು ಸಿಲಿಕಾನ್ ಅಚ್ಚು ಸಾಕು.

ನೋಡೋದು ಹೇಗೆ ಅಂದ್ರೆ, ಖಂಡಿತ ಅಸಲಿ ಅಂತ ಗೊತ್ತಿರೋ ಒಂದು ಗನ್ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಅಸಲಿಯದ್ದು ಸ್ಟೀಲ್ ಅಚ್ಚಿನಿಂದ ಬಂದದ್ದು, ಅಂಚು, ಗೆರೆ ಚೊಕ್ಕ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಯಲ್ಲಿ ಗೆರೆಗಳು ಸ್ವಲ್ಪ ಕರಗಿದ ಹಾಗೆ, ಗಾಳಿಗುಳ್ಳೆ ಇರಬಹುದು, ಅಳತೆ ಒಂದು ಕೂದಲೆಳೆ ಚಿಕ್ಕದಾಗಿರತ್ತೆ. ಹೊಳಪು ಜಾಸ್ತಿ ಇದ್ರೂ ಅನುಮಾನ ಪಡಿ. ಮಾರೋರ ಹತ್ರ ಒಂದೇ ಪಾತ್ರದ ಹತ್ತು ಗೊಂಬೆ, ಹತ್ತಕ್ಕೂ ಹೊಸದರಂಥ ಗನ್ ಇದ್ರೆ, ಅಲ್ಲೇ ಉತ್ತರ ಇದೆ. ರೀಪ್ರೊ ಇಟ್ಕೊಳ್ಳೋದು ತಪ್ಪು ಅಂತ ನಾನು ಹೇಳಲ್ಲ, ಶೆಲ್ಫಲ್ಲಿ ಗೊಂಬೆ ಬರಿಗೈಲಿ ನಿಲ್ಲೋದು ನೋಡೋಕಾಗಲ್ಲ ಅನ್ನೋರಿಗೆ ಅದು ಸರಿ. ಆದ್ರೆ ಇವತ್ತೇ ಒಂದು ಚೀಟಿಯಲ್ಲಿ ಬರೆದು ಗೊಂಬೆ ಜೊತೆ ಇಡಿ. ಇಪ್ಪತ್ತು ವರ್ಷ ಆದ್ಮೇಲೆ ಆ ಡಬ್ಬ ಬೇರೆಯವರ ಕೈಗೆ ಹೋಗತ್ತೆ, ಮೊದಲ ಪ್ರಶ್ನೆ ಕೇಳಿದವರ ಥರ ಅವರೂ ಯಾರನ್ನೋ ಕೇಳ್ಬೇಕಾಗತ್ತೆ.

ಪ್ರಶ್ನೆ: ಒಬ್ರು ಜಾವಾ (ಸ್ಟಾರ್ ವಾರ್ಸ್ ಸಿನಿಮಾದ ಒಂದು ಗಿಡ್ಡ ಪಾತ್ರ) ಗೊಂಬೆ ಮಾರ್ತಿದಾರೆ, ಬಟ್ಟೆ ನಿಲುವಂಗಿ ಅಲ್ಲ, ಪ್ಲಾಸ್ಟಿಕ್ ಹಾಳೆಯದ್ದು. ತುಂಬ ಅಪರೂಪ ಅಂತಾರೆ. ತಗೊಳ್ಳಾ?

ಉತ್ತರ: ಅಪರೂಪ ಅನ್ನೋದು ನಿಜ. 1978ರಲ್ಲಿ ಮೊದಲು ಬಂದ ಜಾವಾಗೆ ವಿನೈಲ್ ಹೊದಿಕೆ ಇತ್ತು. ಉಳಿದ ಗೊಂಬೆಗಳಿಗಿಂತ ಜಾವಾ ಗಿಡ್ಡ, ಬೆಲೆ ಮಾತ್ರ ಅಷ್ಟೇ, ಅದಕ್ಕೆ ತೆಳ್ಳನೆ ಪ್ಲಾಸ್ಟಿಕ್ ಹೊದ್ದಿಸಿದ್ರೆ ದುಡ್ಡಿಗೆ ತಕ್ಕ ಮಾಲು ಅನ್ನಿಸ್ತಿರ್ಲಿಲ್ಲ, ಬೇಗನೇ ಬಟ್ಟೆಗೆ ಬದಲಾಯಿಸಿದ್ರು. ಹಾಗಾಗಿ ವಿನೈಲ್ ಇರೋವು ಕಡಿಮೆ. ಆದ್ರೆ ಇಡೀ ಸಾಲಿನಲ್ಲಿ ಅತಿ ಹೆಚ್ಚು ಮೋಸ ಆಗೋದೂ ಇದರಲ್ಲೇ. ಬೆನ್ ಕೆನೋಬಿ ಗೊಂಬೆಗೂ ಕಂದು ವಿನೈಲ್ ಹೊದಿಕೆ ಇದೆ, ಅದು ಸುಲಭವಾಗಿ ಸಿಗತ್ತೆ, ಅದನ್ನ ಕತ್ತರಿಯಲ್ಲಿ ಕತ್ತರಿಸಿ ಜಾವಾಗೆ ಹಾಕ್ತಾರೆ. ಪೂರ್ತಿ ಹೊಸದಾಗೇ ಮಾಡಿದ ನಕಲಿಗಳೂ ಇವೆ. ಕೆಳಗಿನ ಅಂಚು ಕತ್ತರಿಯ ಅಂಚಾ, ಫ್ಯಾಕ್ಟರಿ ಅಂಚಾ ನೋಡಿ, ಬಣ್ಣ, ದಪ್ಪ, ತೋಳಿನ ತೂತು ಇರೋ ಜಾಗ ಅಸಲಿ ಫೋಟೋ ಜೊತೆ ಹೋಲಿಸಿ. ಫೋಟೋ ಮಾತ್ರ ನೋಡಿ ಲೂಸ್ ವಿನೈಲ್ ಜಾವಾ ತಗೊಳ್ಳೋದು ಬೇಡ, ಇದು ನನ್ನ ಗಟ್ಟಿ ಅಭಿಪ್ರಾಯ. ಕಲಿಯೋ ಹಂತದಲ್ಲಿರೋರು ಬಟ್ಟೆ ಜಾವಾನೇ ತಗೊಳ್ಳಿ, ಅದೂ ಚೆಂದ ಇದೆ.

ಪ್ರಶ್ನೆ: ಬೋಬಾ ಫೆಟ್ ಬೆನ್ನಿಂದ ರಾಕೆಟ್ ಹಾರೋ ಗೊಂಬೆ ನಮ್ಮ ಹತ್ರ ಚಿಕ್ಕವರಿದ್ದಾಗ ಇತ್ತು ಅಂತ ನನ್ನ ಗೆಳೆಯ ಆಣೆ ಮಾಡ್ತಾನೆ. ಅಂಥದ್ದು ಇದ್ದದ್ದು ಹೌದಾ?

ಉತ್ತರ: ನಿಮ್ಮ ಗೆಳೆಯರು ಸುಳ್ಳು ಹೇಳ್ತಿಲ್ಲ, ಜಾಹೀರಾತು ನೋಡಿ ಕಾದಿದ್ದ ಎಷ್ಟೋ ಜನಕ್ಕೆ ಹಾಗೇ ನೆನಪಿದೆ, ಆದ್ರೆ ಅಂಗಡಿಯಲ್ಲಾಗಲಿ ಪೋಸ್ಟಲ್ಲಾಗಲಿ ಯಾವ ಮಗುವಿಗೂ ರಾಕೆಟ್ ಹಾರೋ ಬೋಬಾ ಫೆಟ್ ತಲುಪಿಲ್ಲ.

ಆದದ್ದು ಇಷ್ಟು. 1979ರಲ್ಲಿ ಕೆನ್ನರ್ ಒಂದು ಆಫರ್ ಕೊಡ್ತು, ನಾಲ್ಕು ಗೊಂಬೆ ತಗೊಂಡು ಕಾರ್ಡಲ್ಲಿರೋ ಖರೀದಿ ಗುರುತು ಕತ್ತರಿಸಿ ಕಳ್ಸಿದ್ರೆ ಹೊಸ ಪಾತ್ರ ಬೋಬಾ ಫೆಟ್ ಫ್ರೀ, ಬೆನ್ನ ಮೇಲಿನ ರಾಕೆಟ್ ಸ್ಪ್ರಿಂಗಿಂದ ಹಾರತ್ತೆ. ಸರಿಯಾಗಿ ಅದೇ ಹೊತ್ತಿಗೆ ಬೇರೆ ಕಂಪನಿಯ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ (ಒಂದು ಟಿವಿ ಸರಣಿ) ಆಟದ ವಿಮಾನದ ಚಿಕ್ಕ ಕ್ಷಿಪಣಿ ಗಂಟಲಿಗೆ ಸಿಕ್ಕಿ ಒಂದು ಮಗು ತೀರ್ಕೊಂಡಿತು. ಹಾರೋ ತುಂಡಿರೋ ಆಟಿಕೆ ಅಂದ್ರೆ ಎಲ್ರೂ ಹೆದರೋ ಹಾಗಾಯ್ತು. ಕೆನ್ನರ್ ರಾಕೆಟ್ಟನ್ನ ಬೆನ್ನಿಗೆ ಅಂಟಿಸಿಬಿಡ್ತು, ಆಗಲೇ ಪ್ರಿಂಟ್ ಆಗಿದ್ದ ಪ್ಯಾಕೆಟ್‌ಗಳಲ್ಲಿ ರಾಕೆಟ್ ಹಾರತ್ತೆ ಅನ್ನೋ ಜಾಗದ ಮೇಲೆ ಸ್ಟಿಕ್ಕರ್ ಹಾಕಿದ್ರು, ಗೊಂಬೆ ಜೊತೆ ಒಂದು ಪತ್ರಾನೂ ಕಳ್ಸಿದ್ರು, ಸುರಕ್ಷತೆಗೋಸ್ಕರ ರಾಕೆಟ್ ಹಾರಿಸೋ ವ್ಯವಸ್ಥೆ ತೆಗೆದಿದೀವಿ, ಬೇಸರ ಆದ್ರೆ ವಾಪಸ್ ಕಳ್ಸಿ ಬೇರೆ ಗೊಂಬೆ ತಗೊಳ್ಳಿ ಅಂತ.

ಉಳಿದಿರೋ ರಾಕೆಟ್ ಹಾರೋವು ಫ್ಯಾಕ್ಟರಿಯಲ್ಲಿ ಪರೀಕ್ಷೆಗೆ ಮಾಡಿದ ಪ್ರೊಟೊಟೈಪ್‌ಗಳು ಮಾತ್ರ. ಬೆನ್ನಲ್ಲಿ ರಾಕೆಟ್ಟಿನ ಕೊಂಡಿ ಓಡಾಡೋ ಸೀಳು ಇಂಗ್ಲಿಷಿನ ಎಲ್ ಆಕಾರದಲ್ಲಿರೋವು ಮೊದಲಿನವು, ಜೆ ಆಕಾರದಲ್ಲಿರೋವು ಆಮೇಲಿನವು, ಕೊಂಡಿ ತಾನಾಗೇ ಜಾರಬಾರದು ಅಂತ ಹಾಗೆ ಬದಲಾಯಿಸಿದ್ದು. ಬಹಳಷ್ಟಕ್ಕೆ ಪೇಂಟ್ ಕೂಡ ಇಲ್ಲ, ಬರೀ ನೀಲಿ ಬೂದು ಪ್ಲಾಸ್ಟಿಕ್. ಕೈಯಿಂದ ಪೇಂಟ್ ಮಾಡಿದ ಎಲ್ ಸೀಳಿನ ಒಂದು ಗೊಂಬೆ 2024ರಲ್ಲಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ 5,25,000 ಡಾಲರಿಗೆ ಹೋಯ್ತು. ಅದಕ್ಕೇ ಯಾರಾದ್ರೂ ಕೆಲವು ನೂರು ಡಾಲರಿಗೆ ರಾಕೆಟ್ ಹಾರೋ ಹಳೇ ಬೋಬಾ ಫೆಟ್ ಕೊಡ್ತೀನಿ ಅಂದ್ರೆ ಅದು ಆಮೇಲೆ ಮಾಡಿದ್ದು ಅಂತ ಕಣ್ಮುಚ್ಚಿ ಹೇಳಬಹುದು. ರಾಕೆಟ್ ಅಂಟಿರೋ ಮಾಮೂಲಿ ಬೋಬಾ ಫೆಟ್ ಇದ್ರೆ ಅದನ್ನ ಪ್ರೀತಿಯಿಂದ ಇಟ್ಕೊಳ್ಳಿ, ದಯವಿಟ್ಟು ರಾಕೆಟ್ ಕೀಳೋಕೆ ಹೋಗ್ಬೇಡಿ, ಹಾಗೆ ಹಾಳಾದವು ತುಂಬ ಇವೆ.

ಪ್ರಶ್ನೆ: ಒಬ್ರು 1977ರ ಸ್ಟಾರ್ ವಾರ್ಸ್ ಪ್ಯಾಕೇಜ್ ಅಂತ ಒಂದು ದೊಡ್ಡ ರಟ್ಟಿನ ಲಕೋಟೆ ತೋರಿಸ್ತಿದಾರೆ, ಒಳಗೆ ಗೊಂಬೆನೇ ಇಲ್ಲ! ಗೊಂಬೆ ಇಲ್ಲದ ಪ್ಯಾಕೆಟ್‌ಗೆ ಅಷ್ಟೊಂದು ದುಡ್ಡಾ?

ಉತ್ತರ: ಕೋಪ ಮಾಡ್ಕೋಬೇಡಿ, ಅವರು ಮೋಸ ಮಾಡ್ತಿಲ್ಲದೇ ಇರಬಹುದು. ಅದು ಅರ್ಲಿ ಬರ್ಡ್ ಪ್ಯಾಕೇಜ್, ಅದನ್ನ ಮಾರಿದ್ದೇ ಗೊಂಬೆ ಇಲ್ಲದೆ. ಸಿನಿಮಾ 1977ರ ಮೇ ತಿಂಗಳಲ್ಲಿ ಬಂತು, ಅದು ಅಷ್ಟು ಓಡತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಕ್ರಿಸ್‌ಮಸ್ ಹೊತ್ತಿಗೆ ಗೊಂಬೆ ಮಾಡಿ ಮುಗಿಸೋಕೆ ಕೆನ್ನರ್‌ಗೆ ಸಾಧ್ಯ ಇರ್ಲಿಲ್ಲ. ಆಗ ಕಂಪನಿ ನಡೆಸ್ತಿದ್ದ ಬರ್ನಿ ಲೂಮಿಸ್ ಕಾಲದ ಐಡಿಯಾ ಇದು: ಒಂದು ಲಕೋಟೆಯಲ್ಲಿ ಗೊಂಬೆ ನಿಲ್ಲಿಸೋ ರಟ್ಟಿನ ಸ್ಟ್ಯಾಂಡು, ಸ್ಟಿಕ್ಕರ್, ಕ್ಲಬ್ ಕಾರ್ಡು, ಒಂದು ಸರ್ಟಿಫಿಕೇಟ್. ಆ ಸರ್ಟಿಫಿಕೇಟ್ ಪೋಸ್ಟ್ ಮಾಡಿದ್ರೆ 1978ರಲ್ಲಿ ಲ್ಯೂಕ್, ಲೇಯಾ, ಚುಬಾಕಾ, ಆರ್‌ಟು-ಡಿಟು ನಾಲ್ಕೂ ಮನೆಗೆ ಬರತ್ವೆ. ಅಪ್ಪ ಅಮ್ಮ ಗೊಂಬೆಯೇ ಇಲ್ಲದ ಲಕೋಟೆಗೆ ದುಡ್ಡು ಕೊಟ್ಟು ಮಕ್ಕಳ ಕೈಗಿಟ್ರು, ಮಕ್ಕಳು ತಿಂಗಳುಗಟ್ಟಲೆ ಕಾದ್ರು.

ಬೆಲೆ ಇರೋದು ಸರ್ಟಿಫಿಕೇಟ್ ಹಾಗೇ ಉಳಿದಿದ್ರೆ. ಗೊಂಬೆ ಬೇಕು ಅಂದವರೆಲ್ಲ ಅದನ್ನ ಕಳ್ಸಿಬಿಟ್ಟಿದಾರೆ, ಹಾಗಾಗಿ ಸರ್ಟಿಫಿಕೇಟ್ ಸಮೇತ ಸಿಕ್ಕಿದ್ರೆ ಅದು ಮಾರಾಟ ಆಗದೆ ಅಂಗಡಿಯಲ್ಲಿ ಉಳಿದದ್ದು, ಇಲ್ಲಾ ಯಾವುದೋ ಮನೆಯಲ್ಲಿ ಕಳ್ಸೋಕೆ ಮರೆತದ್ದು. ಇದರ ಜೊತೆ ಬಂದ ಲ್ಯೂಕ್‌ಗಳಲ್ಲಿ ಕೆಲವಕ್ಕೆ ಎರಡು ಹಂತದಲ್ಲಿ ಉದ್ದ ಆಗೋ ಕತ್ತಿ ಇತ್ತು, ಒಳಗಿಂದ ಇನ್ನೊಂದು ತೆಳ್ಳನೆ ಕಡ್ಡಿ ಬರೋದು. ಬೆನ್ ಕೆನೋಬಿಗೂ ಡಾರ್ತ್ ವೇಡರ್‌ಗೂ ಅಂಥದ್ದಿತ್ತು, ಅವು ಲ್ಯೂಕ್‌ದಕ್ಕಿಂತ ಬಹಳ ಅಪರೂಪ, ನಕಲಿ ಕತ್ತಿ ತುರುಕಿದ್ದು ಬಹಳ ಸಾಮಾನ್ಯ.

ಪ್ರಶ್ನೆ: ಬಿಳಿ ಸ್ಟಾರ್ಮ್‌ಟ್ರೂಪರ್ ಹಳದಿ ಆಗಿದಾನೆ, ಇನ್ನು ಕೆಲವು ಗೊಂಬೆ ಮುಟ್ಟಿದ್ರೆ ಅಂಟು ಅಂಟು. ಏನ್ ಮಾಡ್ಲಿ?

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ. ಅಂಟು ಬರೋದು ಪಿವಿಸಿ ಅನ್ನೋ ಪ್ಲಾಸ್ಟಿಕ್ಕಿಂದ. ಪಿವಿಸಿ ಮೆತ್ತಗಿರ್ಲಿ ಅಂತ ಒಂದು ಎಣ್ಣೆಯಂಥ ಪದಾರ್ಥ ಬೆರೆಸಿರ್ತಾರೆ, ವರ್ಷ ಕಳೆದ ಹಾಗೆ ಅದು ಮೇಲಕ್ಕೆ ಬರತ್ತೆ, ಸೆಖೆಯಲ್ಲಿ, ಗಾಳಿಯಾಡದ ಡಬ್ಬದಲ್ಲಿ ಇನ್ನೂ ಜಾಸ್ತಿ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯೋ ಸೋಪು, ಮೆತ್ತನೆ ಬ್ರಷ್, ಇಷ್ಟೇ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ರಾನೂ ತರಬೇಡಿ. ತೊಳೆದು ಪೂರ್ತಿ ಒಣಗಿಸಿ, ಪಿವಿಸಿ ಕವರಲ್ಲಿ ಮತ್ತೆ ಹಾಕ್ಬೇಡಿ, ಪಾಲಿಪ್ರೊಪಿಲೀನ್ ಡಬ್ಬ ಒಳ್ಳೇದು, ಒಂದಕ್ಕೊಂದು ಒತ್ತಿಕೊಳ್ಳದ ಹಾಗೆ ಇಡಿ. ಆದ್ರೆ ಎಲ್ಲವನ್ನೂ ನೀರಿಗೆ ಹಾಕೋ ಹಾಗಿಲ್ಲ. ಆರ್‌ಟು-ಡಿಟು ಮೈ ಸುತ್ತ ಇರೋ ಚಿತ್ರ ಒಂದು ಸ್ಟಿಕ್ಕರ್, ನೆನೆದ್ರೆ ಎದ್ದು ಬರತ್ತೆ. ಸಿ-ಥ್ರೀಪಿಓ ಮೈಮೇಲಿನ ಚಿನ್ನದ ಹೊಳಪು ತೆಳುವಾದ ಲೋಹದ ಪದರ, ಉಜ್ಜಿದ್ರೆ ಹೋಗೇ ಹೋಗತ್ತೆ, ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಹೊಡೆದ್ರೆ ಸಾಕು.

ಹಳದಿ ಆಗೋದು ಬೆಳಕಿನಿಂದ, ಸೆಖೆಯಿಂದ, ಪ್ಲಾಸ್ಟಿಕ್ಕೇ ವಯಸ್ಸಾಗೋದ್ರಿಂದ. ಮೈ ಒಂದು ಪ್ಲಾಸ್ಟಿಕ್, ಕೈಕಾಲು ಇನ್ನೊಂದು, ಅದಕ್ಕೇ ಮೈ ಬಿಳಿ ಇದ್ದು ಕಾಲು ಮಾತ್ರ ಹಳದಿ ಆಗಿರತ್ತೆ. ಹೈಡ್ರೋಜನ್ ಪೆರಾಕ್ಸೈಡಲ್ಲಿ ಮುಳುಗಿಸಿ ಬಿಸಿಲಿಗಿಟ್ರೆ ಬಿಳಿ ಆಗತ್ತೆ, ಬಹಳ ಜನ ಮಾಡ್ತಾರೆ. ನಾನು ಬೇಡ ಅಂತೀನಿ. ಪೇಂಟ್ ಮಂಕಾಗಬಹುದು, ಕಲೆ ಕಲೆ ಆಗಬಹುದು, ಸ್ವಲ್ಪ ವರ್ಷದಲ್ಲಿ ಹಳದಿ ಮತ್ತೆ ಬರತ್ತೆ. ಮಾಡಿದ್ರೆ ಮಾರೋವಾಗ ಬಾಯಿಬಿಟ್ಟು ಹೇಳಿ. ಇನ್ನೂ ಹಳದಿ ಆಗದಿರೋ ಗೊಂಬೆಗಳನ್ನ ಕಿಟಕಿಯಿಂದ ದೂರ ಇಡಿ, ಅದು ಎಲ್ಲಕ್ಕಿಂತ ಸುಲಭದ ಔಷಧಿ.

ಪ್ರಶ್ನೆ: ಗ್ರೇಡಿಂಗ್ ಮಾಡ್ಸೋದು ಲಾಭಾನಾ?

ಉತ್ತರ: ಕಾರ್ಡ್ ಬಿಚ್ಚದ, ದುಬಾರಿ ಗೊಂಬೆಗೆ ಹೌದು. ಎ.ಎಫ್.ಎ. (ಆ್ಯಕ್ಷನ್ ಫಿಗರ್ ಅಥಾರಿಟಿ) ಥರದ ಸಂಸ್ಥೆಗಳು ನೂರರ ಅಳತೆಯಲ್ಲಿ ಅಂಕ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡ್ತಾರೆ, ಕಾರ್ಡು, ಬಬಲ್ಲು (ಗೊಂಬೆ ಮುಚ್ಚೋ ಪಾರದರ್ಶಕ ಪ್ಲಾಸ್ಟಿಕ್), ಗೊಂಬೆ ಮೂರಕ್ಕೂ ಬೇರೆ ಬೇರೆ ಅಂಕ. ಬಬಲ್ ಕಿತ್ತು ಮತ್ತೆ ಅಂಟಿಸಿರೋದು ಅಂಥವರ ಕಣ್ಣಿಗೆ ಬೀಳೋ ಸಾಧ್ಯತೆ ಹೆಚ್ಚು. ಸಾಮಾನ್ಯ ಲೂಸ್ ಗೊಂಬೆಗೆ ಆ ಖರ್ಚು ದಂಡ, ಮೇಲಾಗಿ ಕೈಯಲ್ಲಿ ಹಿಡಿಯೋ ಸುಖಾನೂ ಹೋಗತ್ತೆ.

ಪ್ರಶ್ನೆ: ಎಲ್ರೂ ಸ್ಟಾರ್ ವಾರ್ಸ್ ಹಿಂದೇನೇ. ನನಗೆ ಅದಕ್ಕೂ ಹಳೇದು, ಬೇರೆ ಥರದ್ದು ಬೇಕು. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ನಿಜಕ್ಕೂ ಖುಷಿ. ಆ್ಯಕ್ಷನ್ ಫಿಗರ್ ಅನ್ನೋ ಹೆಸರೇ 1964ರಲ್ಲಿ ಹಾಸ್ಬ್ರೊದ ಜಿ.ಐ. ಜೋ ಜೊತೆ ಬಂದದ್ದು, ಗಂಡುಮಕ್ಕಳಿಗೆ ಗೊಂಬೆ ಅಂದ್ರೆ ತಗೊಳ್ಳಲ್ಲ ಅಂತ. ಅದಾದ ಸ್ವಲ್ಪ ವರ್ಷಕ್ಕೆ, ಮನುಷ್ಯ ಚಂದ್ರನ ಮೇಲೆ ಇಳಿಯೋದಕ್ಕೂ ಮುಂಚೆ, ಮ್ಯಾಟೆಲ್ ಕಂಪನಿ ಮೇಜರ್ ಮ್ಯಾಟ್ ಮೇಸನ್ ಅನ್ನೋ ಗಗನಯಾತ್ರಿ ತಂತು. ಒಳಗೆ ತಂತಿ, ಮೇಲೆ ರಬ್ಬರ್, ಹೇಗೆ ಬೇಕೋ ಹಾಗೆ ಬಗ್ಗಿಸಬಹುದು. ಬಗ್ಗಿಸಿ ಬಗ್ಗಿಸಿ ತಂತಿ ತುಂಡಾಗಿರತ್ತೆ, ಕೀಲಿನ ಕಪ್ಪು ಪೇಂಟ್ ಉದುರಿರತ್ತೆ, ಕೈಕಾಲು ಬಗ್ಗಿಸಿದ ಹಾಗೇ ನಿಲ್ಲತ್ತಾ ಅಂತ ಕೇಳಿ ತಗೊಳ್ಳಿ.

ನನಗೆ ಅಚ್ಚುಮೆಚ್ಚು ಮೈಕ್ರೊನಾಟ್ಸ್. ಜಪಾನಿನ ಟಕಾರ ಕಂಪನಿಯ ಮೈಕ್ರೊಮ್ಯಾನ್ ಗೊಂಬೆಗಳನ್ನ (ಅವು 1974ರವು) ಅಮೆರಿಕದ ಮೀಗೋ 1976ರಲ್ಲಿ ಈ ಹೆಸರಲ್ಲಿ ತಂತು. ಪಾರದರ್ಶಕ ಮೈ, ಹೊಳೆಯೋ ತಲೆ, ಮೊಣಕೈ ಮೊಣಕಾಲು ಎಲ್ಲ ಮಡಚತ್ತೆ, ಬ್ಯಾರನ್ ಕಾರ್ಜಾಗಂತೂ ಕೈಕಾಲು ಅಯಸ್ಕಾಂತದಿಂದ ಅಂಟ್ಕೊಳ್ಳತ್ವೆ. ಕೀಲು ಬಹಳ ನಾಜೂಕು, ಜಾಗ್ರತೆ. ಅದೇ ಮೀಗೋಗೆ ಸ್ಟಾರ್ ವಾರ್ಸ್ ಗೊಂಬೆ ಮಾಡೋ ಅವಕಾಶ ಬಂದಿತ್ತು, ಬೇಡ ಅಂದ್ರು, ಅದು ಕೆನ್ನರ್ ಪಾಲಾಯ್ತು. ಮೀಗೋ 1982ರಲ್ಲಿ ದಿವಾಳಿ ಅರ್ಜಿ ಹಾಕ್ತು. ಈ ಕತೆ ಗೊತ್ತಿದ್ದು ಒಂದು ಮೈಕ್ರೊನಾಟ್ ಕೈಗೆತ್ತಿಕೊಂಡ್ರೆ ಒಂದು ಥರ ಸಂಕಟ ಆಗತ್ತೆ, ಎಷ್ಟು ಚೆನ್ನಾಗಿ ಮಾಡಿದ್ರು ಇವರು ಅಂತ.

ಇನ್ನೊಂದು, ಕೆನ್ನರ್‌ದೇ 1979ರ 18 ಇಂಚಿನ ಏಲಿಯನ್. ದೊಡ್ಡವರಿಗೆ ಅಂತ ಮಾಡಿದ ಭಯಾನಕ ಸಿನಿಮಾದ ಪ್ರಾಣೀನ ಮಕ್ಕಳ ಶೆಲ್ಫಿಗೆ ತಂದ್ರು, ಓಡ್ಲಿಲ್ಲ. ಇವತ್ತು ತಲೆಯ ಮೇಲಿನ ಪಾರದರ್ಶಕ ಮುಚ್ಚಳ ಇರೋದು ಸಿಗೋದೇ ಕಷ್ಟ. ಇಲ್ಲೂ ಅದೇ ಮಾತು, ಮುಚ್ಚಳ ಮೊದಲು ನೋಡಿ, ಆಮೇಲೆ ಏಲಿಯನ್.

ಪ್ರಶ್ನೆ: ನನ್ನ ಎಂಟು ವರ್ಷದ ಮಗ ನನ್ನ ಹಳೇ ಗೊಂಬೆಗಳನ್ನ ಕೇಳ್ತಾನೆ. ಕೊಡ್ಲಾ ಬೇಡ್ವಾ? ಮನೆಯಲ್ಲಿ ದಿನಾ ಇದೇ ಗಲಾಟೆ.

ಉತ್ತರ: 1995ರ ನಂತರದವು ಒಂದಷ್ಟು ತಂದು ಅವನಿಗೇ ಅಂತ ಕೊಟ್ಬಿಡಿ, ಅವು ಬೇಕಾದಷ್ಟಿವೆ, ಕಾರ್ಡ್ ಸಮೇತ ಇದ್ರೂ ಬಿಚ್ಚೋಕೆ ಹೇಳಿ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ರೆ ಗನ್ ಕತ್ತಿ ಎಲ್ಲ ತೆಗೆದು ಮೇಲಿಡಿ, ಬಾಯಿಗೆ ಹಾಕ್ಕೊಳ್ಳತ್ತೆ. ನಿಮ್ಮ ಹಳೇವನ್ನ ಭಾನುವಾರ ಅರ್ಧ ಗಂಟೆ ಇಬ್ರೂ ಕೂತು ಒಟ್ಟಿಗೆ ಹೊರಗೆ ತೆಗೀರಿ. ಕಾಲಿನ ಹಿಂದಿನ ಅಚ್ಚು ಅವನ ಕೈಲೇ ಓದಿಸಿ, ಭೂತಗನ್ನಡಿ ಕೊಡಿ, ಎಂಟು ವರ್ಷದ ಕಣ್ಣಿಗೆ ನಮಗಿಂತ ಚೆನ್ನಾಗಿ ಕಾಣತ್ತೆ. ಆರ್‌ಟು-ಡಿಟು ಇದ್ರೆ ಮೆಲ್ಲಗೆ ತಲೆ ತಿರುಗಿಸೋಕೆ ಬಿಡಿ, ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬರತ್ತೆ, 1978ರಲ್ಲಿ ಮಕ್ಕಳು ಕೇಳಿದ್ದೂ ಅದೇ ಸದ್ದು.